ತೊಳೆದರೂ ಹೋಗದ ಪರಿಮಳ

ಶೇವಿಂಗ್ ಸೋಪು ಮುಗಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಡಬ್ಬಿಯನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ. ಒರೆಸಿ, ಮುಚ್ಚಳ ಹಾಕಿ ಒಂದು ವಾರ ಬಿಟ್ಟು ತೆರೆದು ಮೂಸಿ ನೋಡಿ. ಲ್ಯಾವೆಂಡರೋ ಕಿತ್ತಳೆಯೋ, ಅದರಲ್ಲಿ ಯಾವ ಪರಿಮಳದ ಸೋಪು ಇತ್ತೋ ಅದೇ ಪರಿಮಳ ಮೆಲ್ಲನೆ ಮೂಗಿಗೆ ತಾಗುತ್ತದೆ. ಗಾಜಿನ ಭರಣಿಯನ್ನು ಒಂದು ಸಲ ಚೆನ್ನಾಗಿ ತೊಳೆದರೆ ಮುಗಿಯಿತು, ಹಳೆಯ ವಾಸನೆಯ ಸುಳಿವೂ ಇರುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಉಳಿದ ಆ ಪರಿಮಳ ಬಂದದ್ದು ಸೋಪಿನಿಂದಲೇ. ಅಂದರೆ ನಾವು ಆಸೆಪಟ್ಟು ಕೊಂಡ ಸುಗಂಧದ ಒಂದು ಪಾಲು ನಮ್ಮ ಮುಖಕ್ಕೆ ಬರುವ ಬದಲು ಡಬ್ಬಿಯ ಗೋಡೆಯೊಳಗೆ ಹೋಗಿ ಕುಳಿತಿತ್ತು.

ದುಬಾರಿ ಶೇವಿಂಗ್ ಸೋಪನ್ನು ಗಾಜಿನಲ್ಲಿ ಇಡಬೇಕೋ ಪ್ಲಾಸ್ಟಿಕ್ಕಿನಲ್ಲೋ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದಾದರೆ ಈ ಗೋಡೆಯಿಂದಲೇ ಹೊರಡಬೇಕು. ಏಕೆಂದರೆ ಸೋಪಿನ ಉಳಿದ ಭಾಗವೆಲ್ಲ ಗಟ್ಟಿ ಜೀವ. ಸ್ಟಿಯರಿಕ್ ಆಮ್ಲ ಹೇರಳವಾಗಿರುವ ಕೊಬ್ಬನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್‌ಗಳೊಂದಿಗೆ ಬೇಯಿಸಿ ಇದನ್ನು ಮಾಡುತ್ತಾರೆ. ಪೊಟ್ಯಾಸಿಯಂನಿಂದ ಆದ ಸೋಪು ಮೆದು, ನೀರಿಗೆ ಬೇಗ ಕರಗಿ ದಟ್ಟ ನೊರೆ ಕೊಡುತ್ತದೆ. ಸೋಡಿಯಂನಿಂದ ಆದದ್ದು ಗಡಸುತನ ಕೊಡುತ್ತದೆ. ಜೊತೆಗೆ ತೇವ ಹಿಡಿದಿಡುವ ಗ್ಲಿಸರಿನ್. ಇವು ಯಾವುವೂ ಎಲ್ಲಿಗೂ ಹಾರಿಹೋಗುವುದಿಲ್ಲ. ನೀರಿನ ಅಂಶವನ್ನು ಬಿಟ್ಟರೆ ಹಾರಿಹೋಗುವುದು ಸುಗಂಧ ತೈಲ ಮಾತ್ರ. ಸೋಪಿನ ಬೆಲೆಯನ್ನು ಏರಿಸುವ ವಸ್ತುಗಳಲ್ಲಿ ಮುಖ್ಯವಾದದ್ದೂ ಬಹಳ ಸಲ ಅದೇ.

ಪ್ಲಾಸ್ಟಿಕ್ ಅದನ್ನು ಹೇಗೆ ಕುಡಿಯುತ್ತದೆ? ಸೋಪಿನ ಡಬ್ಬಿಗಳಿಗೆ ಹೆಚ್ಚಾಗಿ ಬಳಸುವ ಪಾಲಿಪ್ರೊಪಿಲೀನ್ ಎಂದರೆ ಇಂಗಾಲ ಮತ್ತು ಜಲಜನಕದ ಉದ್ದುದ್ದ ಸರಪಳಿಗಳ ರಾಶಿ. ಕೆಲವು ಕಡೆ ಆ ಸರಪಳಿಗಳು ಒಪ್ಪವಾಗಿ ಮಡಚಿಕೊಂಡಿರುತ್ತವೆ, ಉಳಿದ ಕಡೆ ಸಿಕ್ಕುಗಟ್ಟಿದ ನೂಲಿನಂತೆ ಇರುತ್ತವೆ. ಈ ಸಿಕ್ಕಿನ ಭಾಗ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಸೆಟೆದುಕೊಳ್ಳುತ್ತದೆ. ಸ್ನಾನದ ಮನೆಯ ಬೆಚ್ಚನೆಯಲ್ಲಿ ಸರಪಳಿಯ ತುಣುಕುಗಳು ಸದಾ ಮಿಸುಕಾಡುತ್ತ, ನಡುವೆ ಸಣ್ಣ ಸಣ್ಣ ಎಡೆಗಳನ್ನು ತೆರೆದು ಮುಚ್ಚುತ್ತಿರುತ್ತವೆ. ಕಿತ್ತಳೆ ಸಿಪ್ಪೆಯ ಪರಿಮಳಕ್ಕೆ ಕಾರಣವಾದ ಲಿಮೊನೀನ್ ಕೂಡ ಇಂಗಾಲ ಮತ್ತು ಜಲಜನಕವಷ್ಟೇ ಇರುವ ಅಣು: ಹತ್ತು ಇಂಗಾಲ, ಹದಿನಾರು ಜಲಜನಕ. ಎಣ್ಣೆ ಎಣ್ಣೆಯಲ್ಲಿ ಬೆರೆಯುವಂತೆ ಅದು ಆ ಎಡೆಗಳೊಳಗೆ ಕರಗಿ, ನಿಧಾನವಾಗಿ ಆಚೆ ಬದಿಗೂ ಸಾಗುತ್ತದೆ. ಗಾಜಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕ ಪರಸ್ಪರ ಬಿಗಿಯಾಗಿ ಹೆಣೆದ ಜಾಲವಿದೆ. ಹೀಲಿಯಂನಂಥ ಪುಟ್ಟ ಪರಮಾಣು ಅದರೊಳಗೆ ಹೇಗೋ ನುಸುಳಬಲ್ಲದು, ಲಿಮೊನೀನ್‌ಗೆ ಅಲ್ಲಿ ಜಾಗವೇ ಇಲ್ಲ.

ಆದರೆ ಪ್ಲಾಸ್ಟಿಕ್ ಎಂದು ಒಂದೇ ಮಾತಿನಲ್ಲಿ ಬೈದುಬಿಡುವುದನ್ನು ನಾನು ಒಪ್ಪುವುದಿಲ್ಲ. ಆ ಹೆಸರಿನಡಿ ಬರುವ ವಸ್ತುಗಳ ಸ್ವಭಾವ ಒಂದರಂತೆ ಇನ್ನೊಂದಿಲ್ಲ. ಒಮ್ಮೆ ಕಿತ್ತಳೆ ಪರಿಮಳದ ಸೋಪಿನ ತುಂಡೊಂದನ್ನು ಮನೆಯಲ್ಲಿದ್ದ ಚೆಂದದ ಪಾರದರ್ಶಕ ಡಬ್ಬಿಗೆ ಹಾಕಿಟ್ಟಿದ್ದೆ. ಕೆಲವು ತಿಂಗಳಲ್ಲಿ ಅದರ ಒಳಮೈ ಮಂಜು ಕವಿದಂತಾಗಿ, ಬೆರಳಿಟ್ಟರೆ ಅಂಟತೊಡಗಿತು. ತಳ ತಿರುಗಿಸಿ ನೋಡಿದರೆ ಪ್ಲಾಸ್ಟಿಕ್ಕಿನ ಬಗೆ ತಿಳಿಸುವ ತ್ರಿಕೋನದೊಳಗೆ 6 ಎಂಬ ಅಂಕಿ: ಪಾಲಿಸ್ಟೈರೀನ್. ಲಿಮೊನೀನ್ ಅದನ್ನು ಅಕ್ಷರಶಃ ಕರಗಿಸುತ್ತದೆ. ಪಾಲಿಕಾರ್ಬೊನೇಟ್ ಕೂಡ ಪಾರದರ್ಶಕವೇ, ಗಟ್ಟಿಯೇ. ಆದರೆ ಕ್ಷಾರ ಅದರ ಸರಪಳಿಗಳನ್ನು ತುಂಡರಿಸುತ್ತದೆ, ಸೋಪೋ ಕ್ಷಾರೀಯ. ಪಾಲಿಥೀನಿನ ಕಥೆ ಇನ್ನೂ ವಿಚಿತ್ರ. ಬರಿಯ ಸೋಪುನೀರು ಅದಕ್ಕೆ ಏನೂ ಮಾಡದು, ಬರಿಯ ಎಳೆತವನ್ನೂ ಅದು ತಾಳಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಬಹುಕಾಲ ಇದ್ದರೆ ಸೀಳು ಬಿಡುತ್ತದೆ. ನೀರಿನ ಬಾಟಲಿಗಳಿಗೆ ಬಳಸುವ ಪೆಟ್ ಎಂಬ ಪ್ಲಾಸ್ಟಿಕ್ ಪರಿಮಳವನ್ನು ಪಾಲಿಪ್ರೊಪಿಲೀನ್‌ಗಿಂತ ಚೆನ್ನಾಗಿ ತಡೆಯುತ್ತದೆ ನಿಜ, ಆದರೆ 70 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ. ಬಿಸಿಬಿಸಿ ಸೋಪನ್ನು ಅದಕ್ಕೆ ಸುರಿಯುವಂತಿಲ್ಲ.

ಹೀಗೆ ಒಂದೊಂದನ್ನೇ ಬದಿಗಿಡುತ್ತ ಬಂದರೆ ಉಳಿಯುವುದು 5 ಎಂಬ ಅಂಕಿಯ ಪಾಲಿಪ್ರೊಪಿಲೀನ್. ಅದು ಕರಗುವುದು 160 ಡಿಗ್ರಿಯ ಮೇಲೆ. ಕ್ಷಾರಕ್ಕೆ ಜಗ್ಗುವುದಿಲ್ಲ, ಬಿದ್ದರೆ ಸುಲಭಕ್ಕೆ ಒಡೆಯುವುದಿಲ್ಲ. ಇಟಲಿಯ ಜೂಲಿಯೊ ನಾಟ್ಟಾ 1954ರಲ್ಲಿ ಇದರ ಸರಪಳಿಗಳನ್ನು ಕ್ರಮಬದ್ಧವಾಗಿ ಬೆಳೆಸುವ ದಾರಿ ಕಂಡುಕೊಂಡರು. 1963ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಇಂಥ ವಸ್ತುವನ್ನು ಅಗ್ಗವೆಂಬ ಒಂದೇ ಕಾರಣಕ್ಕೆ ಕೀಳಾಗಿ ಕಾಣುವುದು ನನಗೆ ಅನ್ಯಾಯ ಅನಿಸುತ್ತದೆ.

ಇನ್ನು ಗಾಜಿನ ಅಭಿಮಾನಿಗಳು ಸಾಮಾನ್ಯವಾಗಿ ಮರೆಯುವುದು ಮುಚ್ಚಳವನ್ನು. ಭರಣಿ ಗಾಜಿನದಾದರೂ ಮುಚ್ಚಳ ಬಹುಪಾಲು ಪ್ಲಾಸ್ಟಿಕ್ಕಿನದೇ. ಬ್ರಷ್ ಒಳಗೆ ಇಳಿದು ಸುತ್ತಬೇಕಾದ್ದರಿಂದ ಶೇವಿಂಗ್ ಸೋಪಿನ ಭರಣಿಗೆ ಅಗಲ ಬಾಯಿ ಬೇಕು. ಬಾಯಿ ಅಗಲವಾದಷ್ಟೂ ಮುಚ್ಚಳ ದೊಡ್ಡದು. ಗೋಡೆಯೊಳಗಿಂದ ಅಣು ಅಣುವಾಗಿ ಸೋರುವ ಪರಿಮಳಕ್ಕಿಂತ, ಸರಿಯಾಗಿ ಕೂರದ ಮುಚ್ಚಳದ ಸಂದಿನಿಂದ ಹೋಗುವುದು ಎಷ್ಟೋ ಹೆಚ್ಚು. ಒಳಬದಿಯಲ್ಲಿ ಒಳ್ಳೆಯ ಪದರವಿರುವ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಡಿಲ ಮುಚ್ಚಳದ ಗಾಜಿನ ಭರಣಿಗಿಂತ ಮೇಲು.

ಬಣ್ಣವಿಲ್ಲದ ಗಾಜಿಗೆ ಇನ್ನೊಂದು ಕೊರತೆ ಇದೆ. ಅದು ಬೆಳಕನ್ನೂ ಅತಿನೇರಳೆ ಕಿರಣಗಳ ಒಂದು ಭಾಗವನ್ನೂ ಒಳಗೆ ಬಿಡುತ್ತದೆ. ಲ್ಯಾವೆಂಡರ್‌ನಲ್ಲಿರುವ ಲಿನಲೂಲ್, ಕಿತ್ತಳೆಯ ಲಿಮೊನೀನ್ ಇವೆರಡೂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹೈಡ್ರೋಪೆರಾಕ್ಸೈಡ್‌ಗಳಾಗುತ್ತವೆ. ಬೆಳಕು ಇಂಥ ಕ್ರಿಯೆಗೆ ಚುರುಕು ಕೊಡುತ್ತದೆ. ಹೀಗೆ ಹುಟ್ಟುವ ವಸ್ತುಗಳು ಕೆಲವರ ಚರ್ಮದಲ್ಲಿ ಅಲರ್ಜಿ ಉಂಟುಮಾಡಬಲ್ಲವು. ಕಿಟಕಿಯ ಬಳಿ ಇಡುವುದಾದರೆ ಕಂದು ಗಾಜೇ ಬೇಕು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮಾತ್ರ ಒದ್ದೆ ಕೈ. ಲೆಕ್ಕದ ಪ್ರಕಾರ ಗಾಜಿನ ಬಂಧಗಳು ಅಪಾರ ಬಲಶಾಲಿ. ನಿಜವಾದ ಗಾಜು ಅದರ ಸಣ್ಣ ಅಂಶದಷ್ಟು ಬಲಕ್ಕೇ ಒಡೆಯುತ್ತದೆ. ಬ್ರಿಟಿಷ್ ಎಂಜಿನಿಯರ್ ಗ್ರಿಫಿತ್ 1921ರಲ್ಲಿ ಇದಕ್ಕೆ ಕಾರಣ ವಿವರಿಸಿದರು. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಬಲವೆಲ್ಲ ಅವುಗಳ ತುದಿಯಲ್ಲಿ ಒಟ್ಟುಗೂಡಿ ಜಾಲವನ್ನು ಹರಿಯುತ್ತದೆ. ನಲ್ಲಿಗೆ ತಗುಲಿದ ಪ್ರತಿ ಸಣ್ಣ ಪೆಟ್ಟೂ ಒಂದು ಹೊಸ ಗೀರು. ಅದರ ಮೇಲೆ, ಬಿರುಕಿನ ತುದಿಗೆ ತಲುಪುವ ನೀರಿನ ಅಣು ಅಲ್ಲಿನ ಸಿಲಿಕಾನ್ ಮತ್ತು ಆಮ್ಲಜನಕದ ಬಂಧವನ್ನು ಬಿಡಿಸಲು ನೆರವಾಗುತ್ತದೆ. ಹೀಗಾಗಿ ತೇವದ ಕೋಣೆಯಲ್ಲಿ ದಿನವೂ ಬಳಸಿದ ಭರಣಿ ಹೊಸದರಷ್ಟು ಗಟ್ಟಿಯಾಗಿ ಉಳಿಯುವುದಿಲ್ಲ. ನೊರೆ ಮೆತ್ತಿದ ಬೆರಳುಗಳಿಂದ ಅದು ಜಾರಿ ಹೆಂಚುನೆಲಕ್ಕೆ ಬಿದ್ದರೆ, ನೀರು ನಿಂತ ಜಾಗದಲ್ಲಿ ಬರಿಗಾಲಿಗೆ ಕಾಣದ ಚೂರುಗಳು.

ಗಾಜು ಪರಿಸರಕ್ಕೆ ಒಳ್ಳೆಯದು ಎನ್ನುವವರು ಅದರ ತೂಕವನ್ನೂ ನೆನೆಯಬೇಕು. ಒಂದು ಘನ ಸೆಂಟಿಮೀಟರ್ ಗಾಜು ಸುಮಾರು 2.5 ಗ್ರಾಂ, ಪಾಲಿಪ್ರೊಪಿಲೀನ್ 0.9 ಗ್ರಾಂ. ಗಾಜಿನ ಗೋಡೆ ದಪ್ಪವೂ ಇರಬೇಕಾದ್ದರಿಂದ ಭರಣಿ ಹಲವು ಪಟ್ಟು ಭಾರ, ಸಾಗಿಸಲು ಅಷ್ಟೇ ಇಂಧನ. ಅದನ್ನು ಕರಗಿಸುವ ಕುಲುಮೆ 1500 ಡಿಗ್ರಿಯ ಆಸುಪಾಸಿನಲ್ಲಿ ಉರಿಯುತ್ತದೆ. ಮತ್ತೆ ಮತ್ತೆ ಕರಗಿಸಬಹುದು ಎಂಬುದು ಗಾಜಿನ ದೊಡ್ಡ ಗುಣ. ಆದರೂ ಕರಗಿಸದೆ ಅದೇ ಭರಣಿಯನ್ನು ವರ್ಷಗಟ್ಟಲೆ ತುಂಬಿ ಬಳಸಿದಾಗಲೇ ಈ ಖರ್ಚು ಸಾರ್ಥಕ. ಭರಣಿಯಿಲ್ಲದೆ ಬರಿಯ ಸೋಪಿನ ಬಿಲ್ಲೆಯನ್ನು ಮಾರುವ ತಯಾರಕರು ನನಗೆ ಇಷ್ಟವಾಗುವುದು ಇದಕ್ಕೇ.

ನಾನೀಗ ಕೂಡಿಟ್ಟ ಸೋಪುಗಳನ್ನು ಕಪಾಟಿನ ಕತ್ತಲಲ್ಲಿ ಗಾಜಿನೊಳಗೆ ಇಡುತ್ತೇನೆ, ದಿನಬಳಕೆಯದನ್ನು ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ. ಬಳಸಿದ ಮೇಲೆ ಮೇಲ್ಮೈ ಆರುವವರೆಗೆ ತೆರೆದಿಟ್ಟು, ಬಳಿಕ ಬಾಯಂಚಿನ ತಿರುಪುಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಅಲ್ಲಿ ಒಣಗಿ ನಿಂತ ನೊರೆಯ ಪದರ ಎಷ್ಟೇ ತೆಳುವಾಗಿದ್ದರೂ ಮುಚ್ಚಳ ಪೂರ್ತಿ ಕೂರಲು ಬಿಡುವುದಿಲ್ಲ.