ಬೆಡ್‌ಗೆ ದುಡ್ಡಿದೆ, ಫಾಲೋಅಪ್‌ಗೆ ಇಲ್ಲ

ವ್ಯಸನ ಚಿಕಿತ್ಸೆಗೆ ಸ್ಥಳೀಯ ಆಡಳಿತ ಹಣ ಇಟ್ಟಿದೆ ಎಂದ ಕೂಡಲೇ ಎಲ್ಲರೂ ಎಷ್ಟು ಎಂದು ಕೇಳುತ್ತಾರೆ. ಮನೋವೈದ್ಯನಾದ ನಾನು ಮೊದಲು ಕೇಳುವುದು, ಎಷ್ಟು ಕಾಲಕ್ಕೆ ಅಂತ.

ಕಾಯಿಲೆ ವರ್ಷಗಟ್ಟಲೆಯದು, ಬಜೆಟ್ ಒಂದೇ ವರ್ಷದ್ದು. ಹಣ ಮಂಜೂರಾಗಿ, ಟೆಂಡರ್ ಮುಗಿದು, ಕೌನ್ಸೆಲರ್ ಕೆಲಸಕ್ಕೆ ಸೇರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಸೇರಿದವರು ಗುತ್ತಿಗೆ ಮುಗಿಯುವ ಮೊದಲೇ ಬೇರೆ ಕೆಲಸ ಹುಡುಕುತ್ತಾರೆ. ಅವರನ್ನು ಬೈದು ಏನು ಪ್ರಯೋಜನ? ರೋಗಿ ಮಾತ್ರ ಹೊಸಬರ ಮುಂದೆ ಮತ್ತೆ ಮೊದಲಿನಿಂದ ತನ್ನ ಕಥೆ ಹೇಳಬೇಕು. ಎಷ್ಟೋ ಜನ ಅಲ್ಲಿಗೇ ಬರುವುದನ್ನು ಬಿಡುತ್ತಾರೆ.

ಬೆಡ್ ಎಣಿಸಬಹುದು, ಕಟ್ಟಡದ ಫೋಟೊ ತೆಗೆಯಬಹುದು. ಹಾಗಾಗಿ ಹಣ ಸುಲಭವಾಗಿ ಸಿಗುವುದು ದೇಹದಿಂದ ನಶೆ ಇಳಿಸುವ ಮೊದಲ ಕೆಲವು ದಿನಗಳಿಗೆ. ಅದು ಬೇಡ ಅಂತಲ್ಲ. ವಿಪರೀತ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಆದರೆ ಅಷ್ಟಕ್ಕೇ ಕೈಬಿಟ್ಟರೆ ಇನ್ನೊಂದು ಅಪಾಯವಿದೆ. ಹೆರಾಯಿನ್‌ನಂಥ ಮಾದಕ ವಸ್ತುವನ್ನು ಸ್ವಲ್ಪ ದಿನ ಬಿಟ್ಟರೂ ಅದನ್ನು ತಾಳುವ ಶಕ್ತಿ ದೇಹದಲ್ಲಿ ಇಳಿಯುತ್ತದೆ. ಆಮೇಲೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು. ಅಂದರೆ, ಫಾಲೋಅಪ್‌ಗೆ ಹಣವಿಲ್ಲದ ಡಿ-ಅಡಿಕ್ಷನ್ ಸೆಂಟರ್ ಕೆಲವರ ಪಾಲಿಗೆ ಅಪಾಯವನ್ನು ಹೆಚ್ಚಿಸಬಹುದು.

ಇಂಥವರಿಗೆ ಮೆಥಡೋನ್, ಬುಪ್ರೆನಾರ್ಫಿನ್ ಔಷಧಗಳಿವೆ. ಇವೂ ಹೆರಾಯಿನ್‌ನ ಗುಂಪಿನವೇ, ಆದರೆ ವೈದ್ಯರ ನಿಗಾದಲ್ಲಿ ಕೊಟ್ಟರೆ ಅದರ ತುಡಿತವನ್ನು ತಗ್ಗಿಸುತ್ತವೆ. 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇವೆ. ‘ಒಂದು ನಶೆ ಬಿಡಿಸಿ ಇನ್ನೊಂದು ಕೊಡ್ತೀರಾ ಡಾಕ್ಟ್ರೇ?’ ಎಂದು ಕೇಳುವವರು ಯಾವಾಗಲೂ ಇರುತ್ತಾರೆ. ಇವು ಸಾವು ತಗ್ಗಿಸುತ್ತವೆ ಎಂಬುದೇ ನನ್ನ ಉತ್ತರ. ಕೆಲವರಿಗೆ ವರ್ಷಗಳ ಕಾಲ ಬೇಕಾಗುತ್ತವೆ, ಅದೇ ಲೆಕ್ಕಪತ್ರದವರಿಗೆ ಹಿಡಿಸುವುದಿಲ್ಲ.

ಇನ್ನೊಂದು ಪೇಚು ಇದೆ. ಖರ್ಚು ಒಬ್ಬರದು, ಉಳಿತಾಯ ಇನ್ನೊಬ್ಬರದು. ಇಂಗ್ಲೆಂಡ್‌ನಲ್ಲಿ 2013ರಿಂದ ವ್ಯಸನ ಚಿಕಿತ್ಸೆಯ ಹೊಣೆ ಸ್ಥಳೀಯ ಕೌನ್ಸಿಲ್‌ಗಳದ್ದು. ಚಿಕಿತ್ಸೆ ಫಲಿಸಿದರೆ ಹೊರೆ ಇಳಿಯುವುದು ಜಾಸ್ತಿ ಆಸ್ಪತ್ರೆ, ಪೊಲೀಸ್, ಜೈಲುಗಳಿಗೆ. ಅನುದಾನ ಕುಗ್ಗಿದಾಗ ಕೌನ್ಸಿಲ್‌ಗಳು ಎಲ್ಲಿ ಕತ್ತರಿ ಹಾಕುತ್ತವೆ ಹೇಳಿ? 2021ರಲ್ಲಿ ವೈದ್ಯೆ ಕ್ಯಾರಲ್ ಬ್ಲ್ಯಾಕ್ ಅಲ್ಲಿನ ಸರ್ಕಾರಕ್ಕೆ ಕೊಟ್ಟ ವರದಿ, ಈ ಸೇವೆಗಳು ಕೆಲಸಕ್ಕೆ ಬಾರದ ಸ್ಥಿತಿಗೆ ತಲುಪಿವೆ ಎಂದೇ ಬರೆಯಿತು. ಆಮೇಲೆ ಹೆಚ್ಚುವರಿ ಹಣ ಬಂತು. ಆದರೆ ಅನುಭವಿ ಸಿಬ್ಬಂದಿಯನ್ನು ಚೆಕ್ ಬರೆದು ಮರುದಿನವೇ ತರಲಾಗುವುದಿಲ್ಲವಲ್ಲ.

ತಡೆಗಟ್ಟುವ ಕೆಲಸದ ಕಥೆ ಬೇರೆ. ಜಾಥಾ, ಪೋಸ್ಟರ್, ಪ್ರತಿಜ್ಞೆ. ಒಂದೇ ದಿನದ ಈ ಕಾರ್ಯಕ್ರಮಗಳ ಮೇಲೆ ನನಗೆ ನಂಬಿಕೆ ಕಡಿಮೆ. ಐಸ್‌ಲ್ಯಾಂಡ್‌ನಲ್ಲಿ 1998ರಲ್ಲಿ 15-16 ವರ್ಷದ ಮಕ್ಕಳಲ್ಲಿ 42% ಮಂದಿ ಹಿಂದಿನ ತಿಂಗಳು ಕುಡಿದು ಅಮಲೇರಿದ್ದರು. 2016ಕ್ಕೆ ಅದು 5%ಗೆ ಇಳಿಯಿತು. ಅಲ್ಲಿ ಮತ್ತೆ ಮತ್ತೆ ಸಮೀಕ್ಷೆ ಮಾಡಿ, ಫಲಿತಾಂಶವನ್ನು ಆಯಾ ಊರು, ಶಾಲೆಗಳಿಗೇ ಕೊಟ್ಟರು. ಪೋಷಕರನ್ನು ಸಂಘಟಿಸಿದರು. ರೇಕ್ಯವಿಕ್ ನಗರಾಡಳಿತವಂತೂ ಮಕ್ಕಳ ಆಟ, ಸಂಗೀತ ತರಗತಿಗಳ ಶುಲ್ಕಕ್ಕೆ ನೆರವು ಕೊಟ್ಟಿತು. ಬಜೆಟ್ ಪುಸ್ತಕದಲ್ಲಿ ಇದು ‘ಕ್ರೀಡೆ’ ಅಂತ ಕಂಡರೂ ನನಗೆ ತಕರಾರಿಲ್ಲ.

ಅಮೆರಿಕದ ಅನುಭವವನ್ನೂ ನೋಡಬೇಕು. 1998ರಲ್ಲಿ ತಂಬಾಕು ಕಂಪನಿಗಳೊಂದಿಗೆ 46 ರಾಜ್ಯಗಳು ಮಾಡಿಕೊಂಡ ಪರಿಹಾರ ಒಪ್ಪಂದದ ಹಣದಲ್ಲಿ ತಂಬಾಕು ತಡೆಗೆ ಹೋದದ್ದು ಚೂರುಪಾರು. ಆ ಪಾಠ ಕಲಿತು, ಓಪಿಯಾಯ್ಡ್ ಎಂಬ, ಚಟ ಹಿಡಿಸಬಲ್ಲ ನೋವುನಿವಾರಕಗಳ ಕಂಪನಿಗಳೊಂದಿಗಿನ 2,600 ಕೋಟಿ ಡಾಲರ್ ಒಪ್ಪಂದದಲ್ಲಿ ಕನಿಷ್ಠ 85% ಹಣ ಓಪಿಯಾಯ್ಡ್ ಸಮಸ್ಯೆಗೇ ಎಂದು ಷರತ್ತು ಹಾಕಿದರು. ಔಷಧ ವಿತರಕ ಕಂಪನಿಗಳು ಹಣ ಕೊಡುವುದು 18 ವರ್ಷಗಳ ಕಂತಿನಲ್ಲಿ. ಆದರೂ ಕೆಲವೆಡೆ ಸ್ಥಳೀಯ ಆಡಳಿತಗಳು ಆ ಹಣದಲ್ಲಿ ಪೊಲೀಸ್ ವಾಹನ ಕೊಂಡವು. ವಾಹನ ಒಂದೇ ಸಲದ ಖರ್ಚು, ಸಂಬಳವಾದರೆ ಪ್ರತಿ ತಿಂಗಳ ತಲೆನೋವು. 18 ವರ್ಷದ ಕಂತು ಕೈಯಲ್ಲಿರುವಾಗಲೂ ಕೌನ್ಸೆಲರ್‌ಗೆ ವರ್ಷದ ಗುತ್ತಿಗೆ ಕೊಡುವುದಕ್ಕೆ ನನಗಂತೂ ಕಾರಣ ಕಾಣುವುದಿಲ್ಲ.