ಉಲ್ಕೆ ಹೊಡೆದ ಕಲ್ಲು, ನಮ್ಮ ಮನೆಯ ಜಂಬಿಟ್ಟಿಗೆ

ಮಳೆಗಾಲ ಮುಗಿದ ಮೇಲೆ ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಒಬ್ಬಿಬ್ಬರಾದರೂ ಕಲ್ಲು ಹಿಡಿದುಕೊಂಡು, ಕಲ್ಲು ಪರೀಕ್ಷೆ ಮಾಡುವ ನನ್ನ ಹತ್ತಿರ ಬರುತ್ತಾರೆ. ತೋಟದ ಬಸಿಗಾಲುವೆ ತೆಗೆಯುವಾಗ ಸಿಕ್ಕಿದ್ದು, ಕಪ್ಪಗಿದೆ, ಭಾರ ಇದೆ, ತೂತು ತೂತಾಗಿದೆ, ಉಲ್ಕೆ ಅಲ್ವಾ ಅಂತ ಕೇಳುತ್ತಾರೆ. ಇದುವರೆಗೆ ಬಂದದ್ದೆಲ್ಲ ಹಳೆ ಕಾಲದವರು ಕಬ್ಬಿಣ ಕರಗಿಸಿ ಬಿಟ್ಟ ಕಿಟ್ಟ, ಇಲ್ಲವೇ ಜಂಬಿಟ್ಟಿಗೆಯ ಗಟ್ಟಿ ಉಂಡೆ. ಆಮೇಲೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಉಲ್ಕೆ ಬಿದ್ದ ಜಾಗದ ಕಲ್ಲಿನಲ್ಲಿ ರೇರ್ ಅರ್ತ್ ಜಾಸ್ತಿ ಇರುತ್ತಂತೆ, ಹೌದಾ?

ಇಲ್ಲ. ರೇರ್ ಅರ್ತ್ ಅಂತ ಕರೆಯುವ ಈ 17 ಧಾತುಗಳು ಉಲ್ಕೆಯಲ್ಲಿ ತುಂಬಾ ಕಡಿಮೆ. ಲ್ಯಾಂಥನಂ ಒಂದನ್ನೇ ನೋಡಿ. ನಾವು ಅಳತೆಗೋಲಾಗಿ ಬಳಸುವ ಕಾಂಡ್ರೈಟ್ ಉಲ್ಕೆಯಲ್ಲಿ ಅದು ಹತ್ತು ಲಕ್ಷ ಪಾಲಿಗೆ ಸುಮಾರು 0.24 ಪಾಲು, ದಖ್ಖನಿನ ಬಸಾಲ್ಟ್ ಎಂಬ ಕಪ್ಪು ಲಾವಾ ಕಲ್ಲಿನಲ್ಲಿ ಹತ್ತು ಅಥವಾ ಅದಕ್ಕೂ ಮೇಲೆ. ಕರಗಿದ ಬಸಾಲ್ಟಿಗೆ ನೂರಕ್ಕೆ ಒಂದು ಪಾಲು ಉಲ್ಕೆ ಬೆರೆತರೂ ಲ್ಯಾಂಥನಂ ಲೆಕ್ಕ ಅಲ್ಲಾಡುವುದೇ ಇಲ್ಲ. ಇರಿಡಿಯಂ ಕತೆ ಉಲ್ಟಾ. ನೆಲದ ಮೇಲ್ಪದರದಲ್ಲಿ ಅದು ನೂರು ಕೋಟಿ ಪಾಲಿಗೆ ಒಂದು ಪಾಲೂ ಇಲ್ಲ, ಕಾಂಡ್ರೈಟಿನಲ್ಲಿ 450ಕ್ಕೂ ಜಾಸ್ತಿ. 1980ರಲ್ಲಿ ಆಲ್ವರೆಜ್ ಎಂಬ ವಿಜ್ಞಾನಿಯ ತಂಡ ಡೈನೋಸಾರ್ ಕಾಲ ಮುಗಿದ ಪದರದಲ್ಲಿ ಹಿಡಿದದ್ದು ಇದನ್ನೇ. ಬಿದ್ದದ್ದು ಏನು ಅಂತ ತಿಳಿಯಬೇಕಾದರೆ ಇರಿಡಿಯಂ, ನಿಕ್ಕಲ್ ನೋಡಬೇಕು. ಪೆಟ್ಟು ತಿಂದದ್ದು ಯಾವ ಕಲ್ಲು, ಆಮೇಲೆ ಅದಕ್ಕೆ ಏನಾಯಿತು ಅಂತ ತಿಳಿಯಬೇಕಾದರೆ ರೇರ್ ಅರ್ತ್ ನೋಡಬೇಕು.

ಮಹಾರಾಷ್ಟ್ರದ ಲೋನಾರ್ ಇದಕ್ಕೆ ಒಳ್ಳೇ ಜಾಗ. ಸುಮಾರು 1.8 ಕಿಲೋಮೀಟರ್ ಅಗಲದ ಕುಳಿ, ಬಸಾಲ್ಟಿನ ಮೇಲೇ ಆದದ್ದು. ಅಲ್ಲಿನ ಸಣ್ಣ ಗಾಜಿನ ಗುಂಡುಗಳಲ್ಲಿ ನಿಕ್ಕಲ್, ಕ್ರೋಮಿಯಂ ಜಾಸ್ತಿ ಸಿಕ್ಕಿವೆ. ಆದರೆ ಒಂದೊಂದು ರೇರ್ ಅರ್ತ್ ಕಾಂಡ್ರೈಟಿಗಿಂತ ಎಷ್ಟು ಪಟ್ಟು ಇದೆ ಅಂತ ಸಾಲಾಗಿ ಗುರುತಿಸಿ ಗೆರೆ ಎಳೆದು, ಕರಗಿ ಗಾಜಾದ ಕಲ್ಲಿನ ಆ ಗೆರೆಯನ್ನು ಪಕ್ಕದ ಬಸಾಲ್ಟಿನ ಗೆರೆಯ ಮೇಲಿಟ್ಟರೆ ಎರಡೂ ಹೆಚ್ಚುಕಡಿಮೆ ಕೂತುಬಿಡುತ್ತವೆ. ಅಲ್ಲಿ ಮ್ಯಾಸ್ಕೆಲಿನೈಟ್ ಎಂಬ ಗಾಜು ಕೂಡ ಇದೆ. ಪೆಟ್ಟಿನ ಒತ್ತಡಕ್ಕೆ ಫೆಲ್ಡ್‌ಸ್ಪಾರ್ ಎಂಬ ಖನಿಜದ ಹರಳಿನ ಒಳಗಿನ ಜೋಡಣೆ ಕುಸಿದು ಗಾಜಾಗಿರುತ್ತದೆ, ಹೊರಗಿನ ಆಕಾರ ಮಾತ್ರ ಹಾಗೇ ಉಳಿದಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಬೆಳಕು ಸೋಸುವ ಎರಡು ಪೋಲರಾಯ್ಡ್ ಒಂದಕ್ಕೊಂದು ಅಡ್ಡ ಹಾಕಿ ಕಲ್ಲನ್ನು ತಿರುಗಿಸಿದರೆ ಪಕ್ಕದ ಹರಳುಗಳು ಮಿನುಗುತ್ತಾ ಆರುತ್ತಾ ಇರುತ್ತವೆ, ಇದು ಮಾತ್ರ ಪೂರ್ತಿ ಕಪ್ಪು. ಫೆಲ್ಡ್‌ಸ್ಪಾರ್‌ನಲ್ಲಿ ಕ್ಯಾಲ್ಸಿಯಂ ಜಾಗಕ್ಕೆ ಬಂದು ಕೂತಿದ್ದ ಯುರೋಪಿಯಂ ಎಂಬ ರೇರ್ ಅರ್ತ್ ಆ ಗಾಜಿನಲ್ಲೂ ಇರುತ್ತದೆ. ಮೊದಲ ಸಲ ಇದನ್ನು ನೋಡಿದಾಗ ನನಗೆ ಮೈ ಜುಂ ಎಂದಿತ್ತು.

ಗೆರೆ ಕೆಡಿಸುವುದು ಹೆಚ್ಚಾಗಿ ನೀರು. ಪೆಟ್ಟಿನ ಬಿಸಿ ಆರುವವರೆಗೂ ಬಿರುಕುಗಳಲ್ಲಿ ಬಿಸಿನೀರು ಸುತ್ತುತ್ತದೆ. ಲೋನಾರ್‌ನ ಕೆಳಗೆ ಕೊರೆದು ತೆಗೆದ ಕಲ್ಲಿನಲ್ಲಿ ಸಪೊನೈಟ್ ಎಂಬ ಜೇಡಿ ಖನಿಜ ಸಿಕ್ಕಿದ್ದು ಹೀಗೇ. ಆಮೇಲೆ ಸಾವಿರಾರು ವರ್ಷದ ಮಳೆ. ಇದು ಅರ್ಥವಾಗಲು ಮಲೆನಾಡಿನವರು ಲೋನಾರ್‌ಗೇ ಹೋಗಬೇಕಿಲ್ಲ, ಮನೆಯ ಜಂಬಿಟ್ಟಿಗೆ ಗೋಡೆ ನೋಡಿದರೆ ಸಾಕು. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಹೊಯ್ಯುವ ಆಗುಂಬೆಯಂಥ ಕಡೆ ಕಲ್ಲಿನಲ್ಲಿದ್ದ ಕರಗುವುದೆಲ್ಲ ತೊಳೆದು ಹೋಗುತ್ತದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯುತ್ತವೆ. ರೇರ್ ಅರ್ತ್‌ಗಳಲ್ಲಿ ಸೀರಿಯಂ ಮಾತ್ರ ಗಾಳಿ ತಾಗಿದರೆ ಬೇರೆ ಥರ ಆಕ್ಸೈಡ್ ಆಗಿ, ಕಬ್ಬಿಣ ಮ್ಯಾಂಗನೀಸಿನ ತುಕ್ಕಿಗೆ ಅಂಟಿ ಮೇಲೇ ಉಳಿದುಬಿಡುತ್ತದೆ. ಅದರ ಜೊತೆಯವೆಲ್ಲ ನೀರಿನ ಜೊತೆ ಕೆಳಗಿಳಿಯುತ್ತವೆ. ಗೆರೆಯಲ್ಲಿ ಸೀರಿಯಂ ಹತ್ತಿರ ಗೂನು ಬಂದರೆ ನಾನು ಮೊದಲು ಕೇಳುವುದು ಮಳೆಯ ಬಗ್ಗೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಕೇಳದೆ ಪೆಟ್ಟು ತಿಂದಿದ್ದೇನೆ. ಬಸಾಲ್ಟ್ ತುಂಡೊಂದನ್ನು ಅವಸರದಲ್ಲಿ ಹಾಗೇ ಪುಡಿ ಮಾಡಿದೆ. ಸೀರಿಯಂ ಗೂನು ಎದ್ದು ಬಂತು, ಬಿಸಿನೀರಿನ ಕೆಲಸ ಅಂತಲೇ ಬರೆದೆ. ಆರು ತಿಂಗಳ ಮೇಲೆ ಉಳಿದ ಅರ್ಧ ತುಂಡು ಕೊಯ್ದು ನೋಡಿದರೆ ಉಗುರಿನಷ್ಟು ದಪ್ಪದ ಕಂದು ತೊಗಟೆ. ಗೂನು ಪೂರ್ತಿ ಅದರಲ್ಲೇ ಇತ್ತು. ವರದಿ ವಾಪಸ್ ತೆಗೆದುಕೊಂಡೆ, ಬಹಳ ಬೇಸರವಾಗಿತ್ತು. ಮಳೆ ಹೊರಗಿನಿಂದ ಒಳಕ್ಕೆ ತಿನ್ನುತ್ತದೆ. ಬಿಸಿನೀರು ಒಳಗಿನ ಬಿರುಕಿನ ಅಂಚಿನಲ್ಲಿ ಗುರುತು ಬಿಡುತ್ತದೆ. ಹಾಗಾಗಿ ಈಗ ಪ್ರತಿ ಕಲ್ಲನ್ನೂ ವಜ್ರದ ಗರಗಸದಲ್ಲಿ ಕೊಯ್ದು ತೊಗಟೆ, ಬಿರುಕಿನ ಜೇಡಿ, ನಡುವಿನ ಕಪ್ಪು ಭಾಗ ಮೂರನ್ನೂ ಬೇರೆ ಬೇರೆ ಡಬ್ಬಿಗೆ ಹಾಕುತ್ತೇನೆ. ನಡುವಿನದನ್ನು ಮೊದಲು ಅಳೆಯುತ್ತೇನೆ.