ಎರೆಮಣ್ಣಿನಲ್ಲಿ ಬಿಸಿನೀರಿನ ಪೈಪು

ಕಟ್ಟಿಗೆ ಬಾಯ್ಲರನ್ನು ಕಟ್ಟಡದಿಂದ ದೂರ ಇಡುವುದು ಒಳ್ಳೆಯದೇ. ಹೊಗೆ ಒಳಗೆ ಬರುವುದಿಲ್ಲ, ಕಿಡಿ ಹಾರುವ ಭಯವಿಲ್ಲ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಜಾಲಿ ಕೊರಡು ಎಲ್ಲವನ್ನೂ ಅಲ್ಲೇ ಒಟ್ಟಬಹುದು. ತೊಂದರೆ ಇರುವುದು ಬಾಯ್ಲರಿಗೂ ಬಚ್ಚಲಿಗೂ ನಡುವಿನ ನೆಲದಲ್ಲಿ. ಬಾಯ್ಲರ್ ಕೊಳ್ಳುವಾಗ ನಾಲ್ಕು ಅಂಗಡಿ ತಿರುಗುವವರು, ಪೈಪಿನ ಮಾತು ಬಂದ ಕೂಡಲೇ ಎಲ್ಲವನ್ನೂ ಪ್ಲಂಬರ್‌ಗೆ ಒಪ್ಪಿಸಿ ಚಹಾ ಕುಡಿಯಲು ಹೋಗಿಬಿಡುತ್ತಾರೆ.

ಒಂದು ಲೆಕ್ಕ ಹಾಕೋಣ. 32 ಮಿಲಿಮೀಟರ್ ದಪ್ಪದ ಪೈಪು, ಒಳಗೆ 60 ಡಿಗ್ರಿ ಬಿಸಿನೀರು, ಸುತ್ತ 25 ಡಿಗ್ರಿಯ ಹಸಿ ಮಣ್ಣು, ಉದ್ದ 30 ಮೀಟರ್. ಪೈಪಿಗೆ ಯಾವ ಹೊದಿಕೆಯೂ ಇಲ್ಲ ಅಂದುಕೊಳ್ಳಿ. ನೀರು ಬಾಯ್ಲರಿನಿಂದ ಬಚ್ಚಲಿಗೆ ಹೋಗಿ ಮರಳಿ ಬರುತ್ತ ಸುತ್ತುತ್ತಲೇ ಇದ್ದರೆ ಸುಮಾರು 1,800 ವ್ಯಾಟ್ ಶಾಖ ಮಣ್ಣಿನ ಪಾಲು. ದಿನಕ್ಕೆ 43 ಯೂನಿಟ್. ಒಣ ಕಟ್ಟಿಗೆಯ ಒಂದು ಕಿಲೋದಲ್ಲಿ ಸುಮಾರು 4 ಯೂನಿಟ್ ಶಾಖವಿದೆ, ಸಾದಾ ಬಾಯ್ಲರಿನಲ್ಲಿ ಅದರಲ್ಲಿ ಅರ್ಧ ಚಿಮಣಿಯಿಂದ ಹೋಗುತ್ತದೆ ಎಂದು ಹಿಡಿದರೆ, ದಿನಕ್ಕೆ 20 ಕಿಲೋಗೂ ಜಾಸ್ತಿ ಕಟ್ಟಿಗೆ ಸುಮ್ನೆ ನೆಲ ಕಾಯಿಸಲು ಉರಿಯಿತು. ಇದು ಹೋಗುವ ಪೈಪಿನದು ಮಾತ್ರ. ಮರಳಿ ಬರುವ ಪೈಪಿನ ಲೆಕ್ಕ ಬೇರೆ.

ಅದೇ ಪೈಪಿಗೆ 1 ಸೆಂಟಿಮೀಟರ್ ದಪ್ಪದ ಪಫ್ ನೊರೆ ಹೊದಿಸಿದರೆ ನಷ್ಟ 300 ವ್ಯಾಟ್‌ಗೆ ಇಳಿಯುತ್ತದೆ. 3 ಸೆಂಟಿಮೀಟರ್ ಆದರೆ 150. ಮತ್ತೆ ಇಮ್ಮಡಿ ಮಾಡಿ 6 ಸೆಂಟಿಮೀಟರ್ ಹಾಕಿದರೂ 100ರ ಆಸುಪಾಸು. ಅಂದರೆ ಮೊದಲ ಪದರವೇ ಹೆಚ್ಚಿನ ಕೆಲಸ ಮಾಡಿ ಮುಗಿಸುತ್ತದೆ. ದಪ್ಪ ಹೊದಿಕೆಗೆ ದುಡ್ಡು ಸುರಿಯುವ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈ ಹೊದಿಕೆ ಒಣಗಿರುತ್ತದೆಯಾ?

ಪಫ್ ಅಂದರೆ ಪಾಲಿಯುರೆಥೇನ್ ನೊರೆ. ಸೋಲಾರ್ ಟ್ಯಾಂಕಿನ ಒಳಗೋಡೆಯಲ್ಲಿ, ಕೋಲ್ಡ್ ಸ್ಟೋರೇಜಿನ ಗೋಡೆಯಲ್ಲಿ ಇರುವುದು ಇದೇ. ಶಾಖ ತಡೆಯುವುದು ಅದರ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಕೊಂಡ ಅನಿಲ. ನೀರು ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಶಾಖ ಸಾಗಿಸುತ್ತದೆ. ಗಾಳಿ ಇರಬೇಕಾದ ಜಾಗಕ್ಕೆ ನೀರು ಹೊಕ್ಕಿತೋ, ನೆಂದ ಕೌದಿ ಹೊದ್ದು ಮಲಗಿದ ಹಾಗೆ.

ವಿಜಯಪುರದ ಹೊರವಲಯದ ಒಂದು ಹಾಸ್ಟೆಲಿನಲ್ಲಿ ಡಿಸೆಂಬರ್ ಮುಂಜಾನೆ ಬೀದಿನಾಯಿಗಳು ಅಂಗಳದಲ್ಲಿ ಒಂದೇ ಗೆರೆಯಲ್ಲಿ ಮಲಗಿರುತ್ತಿದ್ದವು. ಬಾಯ್ಲರ್ ಶೆಡ್ಡಿನಿಂದ ಬಚ್ಚಲ ಗೋಡೆಯವರೆಗೆ ನೇರ ಗೆರೆ. "ನಾಯಿಗೋಳಿಗೆ ನಮ್ಮ ಹಾಸ್ಟೆಲ್ ಭಾಳ ಸೇರೈತ್ರಿ ಸರ್" ಅಂದರು ಅಡುಗೆಯವರು. ಅಗೆಸಿ ನೋಡಿದಾಗ ಸಿಕ್ಕಿದ್ದು ಸುರುಳಿ ಸುರುಳಿಯಾದ ಕಪ್ಪು ಕೊಳವೆ, ಅದರೊಳಗೆ ಎರಡು ಪೈಪು, ಪೈಪಿಗೆ ಸುತ್ತಿದ ಬೆಳ್ಳಿ ಬಣ್ಣದ ಗುಳ್ಳೆ ಹಾಳೆ. ಕೊಯ್ದ ತಕ್ಷಣ ಉಗುರುಬೆಚ್ಚಗಿನ ನೀರು ಬುಳಬುಳ ಸುರಿಯಿತು. ಹಾಳೆಯ ಗುಳ್ಳೆಗಳೆಲ್ಲ ಚಪ್ಪಟೆಯಾಗಿ ಪೈಪಿಗೆ ಅಂಟಿಕೊಂಡಿದ್ದವು. ಆ ಹೊಳೆಯುವ ಹಾಳೆ ಶಾಖವನ್ನು ಹಿಂದಕ್ಕೆ ಕಳಿಸುವುದು ಎದುರಿಗೆ ಗಾಳಿಯ ಅಂತರ ಇದ್ದಾಗ ಮಾತ್ರ. ಬಿಗಿಯಾಗಿ ಸುತ್ತಿ ಹೂಳಿದರೆ ಹೊಳಪೊಂದೇ ಉಳಿಯುತ್ತದೆ.

ಮನೆಯನ್ನೇ ಬೆಚ್ಚಗಿಡಲು ಇಂಥ ಬಾಯ್ಲರ್ ಬಳಸುವ ಅಮೆರಿಕ, ಕೆನಡಾದಲ್ಲಿ ಇದೇ ಕಥೆಗೆ ಬೇರೆ ಗುರುತು. ಅಲ್ಲಿ ಪೈಪು ಹೋದ ದಾರಿಯಲ್ಲಿ ಹಿಮ ಕರಗಿ ಹುಲ್ಲು ಕಾಣುತ್ತದೆ. ಚಳಿ ಹೆಚ್ಚಿರುವ ಕಡೆ ನೆಲ ಹೆಪ್ಪುಗಟ್ಟುವುದರಿಂದ ನಾಲ್ಕು ಅಡಿ, ಅದಕ್ಕೂ ಆಳಕ್ಕೆ ಅಗೆಯುತ್ತಾರೆ. ನಮಗೆ ಅಷ್ಟು ಆಳ ಬೇಡ. ಎರಡು, ಎರಡೂವರೆ ಅಡಿ ಸಾಕು. ಟ್ರ್ಯಾಕ್ಟರ್ ಓಡಾಡುವ ಕಡೆ ಮಾತ್ರ ಮೇಲೊಂದು ಗಟ್ಟಿ ಕೊಳವೆ ತೊಡಿಸಿ.

ನಮ್ಮ ಕಷ್ಟ ಎರೆಮಣ್ಣಿನದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಆ ಬಿರುಕಿನಲ್ಲಿ ನೇರ ಕೆಳಗಿಳಿದು ಪೈಪಿನ ಕಾಲುವೆ ಸೇರುತ್ತದೆ. ಸೇರಿದ ಮೇಲೆ ಬೇಗ ಇಂಗುವುದಿಲ್ಲ. ಮಣ್ಣು ವರ್ಷವಿಡೀ ಎಳೆದಾಡುವುದರಿಂದ ಜೋಡಣೆಗಳು ಸಡಿಲಾಗುತ್ತವೆ. ಆದಿಲಶಾಹಿ ಕಾಲದಲ್ಲಿ ಬೇಗಂ ತಲಾಬಿನಿಂದ ವಿಜಯಪುರಕ್ಕೆ ನೀರು ತಂದ ಮಣ್ಣಿನ ಕೊಳವೆಗಳ ಸುತ್ತ ಕಲ್ಲು-ಗಾರೆಯ ಕಟ್ಟು ಇತ್ತು. ನಾವು ಅಷ್ಟು ಮಾಡಬೇಕಿಲ್ಲ. ಪೈಪಿನ ಸುತ್ತ ಎರೆಮಣ್ಣು ಹಾಕದೆ ಮರಳು ಇಲ್ಲವೇ ಗರಸು ತುಂಬಿ. ಕಾಲುವೆಗೆ ಒಂದು ಕಡೆ ಇಳಿಜಾರು ಕೊಟ್ಟು, ಕೊನೆಯಲ್ಲಿ ನೀರು ಹೊರಹೋಗಲು ದಾರಿ ಬಿಡಿ. ಇಳಿಜಾರಿಲ್ಲದೆ ಮರಳು ತುಂಬಿದರೆ ಸುತ್ತಲಿನ ನೀರೆಲ್ಲ ಅಲ್ಲಿಗೇ ಬಂದು ಕೂರುತ್ತದೆ.

ಪೈಪು ಆರಿಸುವಾಗ ಕೊಯ್ದ ತುದಿಯನ್ನು ನೋಡಿ. ಒಳಪೈಪಿಗೂ ಹೊರಕವಚಕ್ಕೂ ನಡುವೆ ನೊರೆ ಕಚ್ಚಿಕೊಂಡು ಕೂತಿರಬೇಕು, ಬೆರಳುಗುರು ತೂರಲೂ ಸಂದು ಇರಬಾರದು. ಹಾಗಿದ್ದರೆ ಹೊರಕವಚ ಒಂದು ಕಡೆ ತೂತಾದರೂ ನೀರು ಉದ್ದಕ್ಕೆ ಹರಿಯಲು ದಾರಿಯಿಲ್ಲ. ಎರಡು ತುದಿಗಳಿಗೂ ಮುಚ್ಚಳ ಬೇಕೇ ಬೇಕು. ಸೋಲಾರ್‌ನವರು ಹಾಕುವ ಕಪ್ಪು ರಬ್ಬರ್ ಕೊಳವೆ ಗೋಡೆಯ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮಣ್ಣಿನ ಭಾರದ ಕೆಳಗೆ ಅಮುಕಿಹೋಗುತ್ತದೆ. ಒಳಪೈಪು ಸಾದಾ ಪಿವಿಸಿ ಆಗಬಾರದು, 60 ಡಿಗ್ರಿ ದಾಟಿದರೆ ಅದು ಮೆತ್ತಗಾಗುತ್ತದೆ. ಬಿಸಿ ತಾಳುವ ಪ್ಲಾಸ್ಟಿಕ್‌ಗಳಾದ ಸಿಪಿವಿಸಿ ಅಥವಾ ಪೆಕ್ಸ್ ಇರಲಿ. ಪೆಕ್ಸ್ ಬಾಗುವುದರಿಂದ ಇಡೀ 30 ಮೀಟರ್ ಒಂದೇ ತುಂಡಿನಲ್ಲಿ ಹಾಕಬಹುದು, ಮಣ್ಣಿನಡಿ ಜೋಡಣೆಯೇ ಇರುವುದಿಲ್ಲ. ಎರೆಭೂಮಿಯಲ್ಲಿ ನನ್ನ ಓಟು ಅದಕ್ಕೇ.

ಮನೆಯಲ್ಲಿ ಬೆಳಿಗ್ಗೆ ಒಂದು ತಾಸು ಮಾತ್ರ ಬಿಸಿನೀರು ಸಾಕು ಅನ್ನುವವರಿಗೆ ಲೆಕ್ಕವೇ ಬೇರೆ. ಎಂಥ ಹೊದಿಕೆ ಇದ್ದರೂ ರಾತ್ರಿಯಿಡೀ ನಿಂತ ನೀರು ತಣ್ಣಗಾಗುವುದೇ. ಒಳಗಿನ ಅಗಲ 25 ಮಿಲಿಮೀಟರ್ ಇರುವ 30 ಮೀಟರ್ ಪೈಪಿನಲ್ಲಿ 15 ಲೀಟರ್ ನೀರು ನಿಂತಿರುತ್ತದೆ; 16 ಮಿಲಿಮೀಟರ್ ಆದರೆ 6 ಲೀಟರ್. ಮೊದಲು ಸ್ನಾನಕ್ಕೆ ಹೋದವರು ಅಷ್ಟನ್ನೂ ಬಕೆಟ್ಟಿಗೆ ಬಿಟ್ಟು ಕಾಯಬೇಕು. ಇಂಥವರು ದಪ್ಪ ಹೊದಿಕೆಗಿಂತ ಸಣ್ಣ ಪೈಪಿನಿಂದಲೇ ಹೆಚ್ಚು ಉಳಿಸುತ್ತಾರೆ. "ದೊಡ್ಡದು ಹಾಕಿರಿ, ಮುಂದ ಬೇಕಾಗ್ತದ" ಅನ್ನುವ ಸಲಹೆ ಇಲ್ಲಿ ನಡೆಯುವುದಿಲ್ಲ.

ಕಾಲುವೆ ಮುಚ್ಚುವ ಮೊದಲು ಪೈಪಿಗೆ ನೀರಿನ ಒತ್ತಡ ಕೊಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒತ್ತಡದ ಮೀಟರಿನ ಮುಳ್ಳು ಇಳಿದಿರದಿದ್ದರೆ, ಗೋಡೆಯಿಂದ ಅಳತೆ ಟೇಪ್ ಹಿಡಿದು ಪೈಪಿನ ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಮರಳು ಸುರಿಸಿ.